ಬ್ಯಾಟರಿಗೆ ಚಳಿ ಹಿಡಿದದ್ದು

ತಂತಿ ಎಂಬುದು ಕಳೆದ ಶತಮಾನದ ವಸ್ತು ಎಂದು ಅರ್ಕಮ್ ತೀರ್ಮಾನಿಸಿದ್ದು ಒಂದು ಮಂಗಳವಾರ. ಆ ತೀರ್ಮಾನ ಶುಕ್ರವಾರದ ತನಕ ಬಾಳಿತು.

ಸೌದಿಯ ಖಮೀಸ್ ಮುಶೈತ್‌ನಿಂದ ಅರ್ಧ ಗಂಟೆ ದೂರದ ಗುಡ್ಡದಲ್ಲಿ, ವಿದ್ಯುತ್ ಕಂಬಗಳು ಇನ್ನೂ ಹತ್ತಿ ಬಾರದ ಕಡೆ, ಕೆಲಸಕ್ಕಿದ್ದ ಸೋಲಾರ್ ಕಂಪನಿ ಕೊಟ್ಟ ಎರಡು ಕೋಣೆಯ ಮನೆ ಅವನದು. ಚಾವಣಿಯ ಮೇಲೆ ಸೋಲಾರ್ ಫಲಕ, ಅಡುಗೆಮನೆಯ ಗೋಡೆಯಾಚೆ ಪುಟ್ಟ ಗೂಡಿನಲ್ಲಿ ಲಿಥಿಯಂ ಬ್ಯಾಟರಿ. ಬ್ಯಾಟರಿ ಎಷ್ಟು ಬಿಸಿಯಾಗಿದೆ, ಎಷ್ಟು ತಣ್ಣಗಿದೆ ಎಂದು ಚಾರ್ಜ್ ಮಾಡುವ ಯಂತ್ರಕ್ಕೆ ತಿಳಿಸಲು ಒಂದು ಸೆನ್ಸರ್ ಬೇಕು. ಐದು ಡಿಗ್ರಿಗಿಂತ ಕೆಳಗಿಳಿದರೂ, ಐವತ್ತು ದಾಟಿದರೂ ಯಂತ್ರ ಚಾರ್ಜ್ ನಿಲ್ಲಿಸುತ್ತದೆ. ಬ್ಯಾಟರಿಯ ಆಯುಷ್ಯದ ಪ್ರಶ್ನೆ. ಆ ಸೆನ್ಸರ್ ತಂತಿಯದ್ದಿರಬೇಕೋ ತಂತಿ ಇಲ್ಲದ್ದೋ ಎಂಬುದೇ ಚರ್ಚೆ.

ಕಂಪನಿಯ ಯಜಮಾನ ಅಬ್ದುಲ್ ಹಮೀದ್ ಭಟ್ಕಳದವರು, ಮೂವತ್ತು ವರ್ಷ ತಂತಿ ಎಳೆದೇ ಮೇಲೆ ಬಂದವರು. ತಂತಿಯದ್ದೇ ಇರಲಿ ಎಂದರು. ಶಿರಾಲಿ ಕಡೆಯ ಹಳ್ಳಿಯಿಂದ ಬಂದ, ಮನೆತನಕ್ಕೆ ಮೊದಲ ಪದವೀಧರನಾದ ಅರ್ಕಮ್ ಕೈಪಿಡಿಯ ನಲವತ್ತು ಪುಟಕ್ಕೂ ಅಡಿಗೆರೆ ಹಾಕಿ ಓದಿ, ತಂತಿಯ ಹದಿನಾಲ್ಕು ದೋಷಗಳನ್ನು ಪಟ್ಟಿಮಾಡಿ ಒಪ್ಪಿಸಿದ. ಗೋಡೆ ಕೊರೆಯಬೇಕು ಎಂಬುದು ಒಂದನೆಯದು. ಗುಡ್ಡದ ಬಬೂನ್ ಕೋತಿಗಳು ತಂತಿ ಕಂಡರೆ ಬಿಡುವುದಿಲ್ಲ ಎಂಬುದು ಹದಿನಾಲ್ಕನೆಯದು. ವೈರ್‌ಲೆಸ್ ಆದರೆ ಬೆಂಕಿಪೊಟ್ಟಣದಷ್ಟಿನ ಡಬ್ಬಿ; ಬ್ಯಾಟರಿಯ ಬೆನ್ನಿಗೆ ಅಂಟಿಸಿದರೆ ತಾಪಮಾನ ಯಂತ್ರಕ್ಕಷ್ಟೇ ಅಲ್ಲ, ಫೋನಿಗೂ ಬರುತ್ತದೆ. ಯಜಮಾನರು ಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು, ನಿನ್ನಿಷ್ಟ ಎಂದರು. ಅರ್ಕಮ್ ಸೆನ್ಸರ್ ಅಂಟಿಸಿ, ಹೆಂಡತಿ ಆಫಿಯಾಳ ಫೋನಿಗೂ ಆ್ಯಪ್ ಹಾಕಿಕೊಟ್ಟು, ಅದರ ಮಹಿಮೆಯನ್ನು ಊಟ ಆರುವ ತನಕ ವರ್ಣಿಸಿದ.

ಪಣಕ್ಕಿದ್ದದ್ದು ಅವನ ಇಕಾಮಾ. ಆ ವಾಸದ ಕಾರ್ಡಿನಲ್ಲಿ ಅವನ ವೃತ್ತಿ ‘ಹೆಲ್ಪರ್’ ಎಂದಿತ್ತು. ಊರಿನಲ್ಲಿ ತಂದೆ ಬಾಯಿಮಾತಿನಲ್ಲೇ ಮಗನನ್ನು ಇಂಜಿನಿಯರ್ ಮಾಡಿ ಐದು ವರ್ಷವಾಗಿದ್ದರಿಂದ, ರಜೆಗೆ ಹೋದಾಗ ಅವನು ಕಾರ್ಡನ್ನು ಪೆಟ್ಟಿಗೆಯ ತಳದಲ್ಲಿಡುತ್ತಿದ್ದ. ಅಭಾದ ಬೆಟ್ಟಗಳಲ್ಲಿ ಹನ್ನೆರಡು ವಿಶ್ರಾಂತಿ ಮನೆಗಳಿರುವ ಮುಆಝ್ ಎಂಬ ಸೌದಿ ಗಿರಾಕಿ ಶುಕ್ರವಾರ ಈ ಮನೆಯ ಸೋಲಾರ್ ನೋಡಲು ಬರುವವನಿದ್ದ. ಅವನು ಆರ್ಡರ್ ಕೊಟ್ಟರೆ ಕಾರ್ಡಿನಲ್ಲಿ ‘ಟೆಕ್ನಿಶಿಯನ್’ ಎಂದು ಮಾಡಿಸಿಕೊಡುತ್ತೇನೆಂದು ಯಜಮಾನರು ಮಾತು ಕೊಟ್ಟಿದ್ದರು.

ಬುಧವಾರ ಮಧ್ಯಾಹ್ನ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಚಾರ್ಜ್ ಮಾತ್ರ ಸೊನ್ನೆ. ಬ್ಯಾಟರಿ ನಾಲ್ಕು ಡಿಗ್ರಿ ಎಂದಿತು ಫೋನು. ಜನವರಿಯ ಚಳಿ, ಪಾಪ, ಎಂದುಕೊಂಡು ಅರ್ಕಮ್ ಬ್ಯಾಟರಿಗೆ ಕಂಬಳಿ ಹೊದೆಸಿದ. ನಾಲ್ಕೇ. ಇನ್ನೊಂದು ಹೊದೆಸಿದ. ನಾಲ್ಕೇ. ಮದುವೆಗೆ ಬಂದಿದ್ದ ಹುಲಿಚಿತ್ರದ ದಪ್ಪ ಕಂಬಳಿಯೂ ಹೊರಬಂತು. ಹುಲಿ ಬಂದರೂ ನಾಲ್ಕು ಅಲುಗಲಿಲ್ಲ. ಕೊನೆಗೆ ಪಕ್ಕದಲ್ಲಿ ಹೀಟರ್ ಇಟ್ಟ. ಹೀಟರ್ ಅದೇ ಬ್ಯಾಟರಿಯ ಕರೆಂಟು ಕುಡಿದು, ಸಂಜೆಗೆ ಬ್ಯಾಟರಿ ಬರಿದಾಗಿ, ದೀಪ, ಫ್ರಿಜ್ ಎರಡೂ ಕಣ್ಣು ಮುಚ್ಚಿದವು.

ಗುರುವಾರ ಬೆಳಗ್ಗೆ ನೋಡಿದರೆ ಒಂಬತ್ತು ಡಿಗ್ರಿ. ಚಾರ್ಜ್ ತಾನಾಗಿ ಶುರುವಾಯಿತು. ‘ಈ ಎತ್ತರಕ್ಕೆ ಮೂರು ಕಂಬಳಿ ಸೂಕ್ತ’ ಎಂದು ಅರ್ಕಮ್ ಡೈರಿಯಲ್ಲಿ ಬರೆದು ದಿನಾಂಕ ಹಾಕಿದ. ಫ್ರಿಜ್ ಮತ್ತೆ ಗುರುಗುಟ್ಟತೊಡಗಿತು. ಹೊತ್ತೇರುವಷ್ಟರಲ್ಲಿ ಮತ್ತೆ ನಾಲ್ಕು.

ಆಫಿಯಾ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದಳು. “ಕೈಯಿಟ್ಟು ನೋಡಿದಿರಾ?”

“ಕೈಯಿಟ್ಟು ನೋಡ್ಲಿಕ್ಕಾದ್ರೆ ಡಿಗ್ರಿ ಎಂತಕ್ಕೆ? ಇಲ್ಲಿ ಮೆಷಿನ್ನೇ ಹೇಳ್ತಾ ಉಂಟಲ್ಲ.”

ಶುಕ್ರವಾರ ಜುಮಾ ಮುಗಿಸಿ ಯಜಮಾನರೂ ಮುಆಝ್ ಕೂಡ ಬಂದರು. ಅಲ್ಲಾಹನ ದಯೆ, ಅವರು ಚಪ್ಪಲಿ ಬಿಡುವಾಗಲೇ ಅಂಕಿ ಏರತೊಡಗಿತು: ಎಂಟು, ಹದಿನೈದು, ಇಪ್ಪತ್ತೆರಡು. ಚಾರ್ಜ್ ಜೋರಾಯಿತು. ಅರ್ಕಮ್ ಫೋನನ್ನು ದೀಪದಂತೆ ಹಿಡಿದು, ತನಗೆ ಗೊತ್ತಿದ್ದ ಅರಬಿಯನ್ನೆಲ್ಲ ಖರ್ಚು ಮಾಡಿ ತಂತಿಯ ಯುಗ ಮುಗಿದುದನ್ನು ಸಾರಿದ. ಮುಆಝ್ ತಲೆದೂಗುತ್ತಿದ್ದ. ಮೂವತ್ತೆಂಟು. ಅರ್ಕಮ್‌ನ ಮಾತು ನಿಧಾನವಾಯಿತು. ನಲವತ್ತಾರು. ಮಾತು ನಿಂತಿತು. ಐವತ್ತೆರಡಕ್ಕೆ ಫೋನು ಕಿರುಚಿಕೊಂಡಿತು.

“ಹರೀಖ್!” ಎಂದು ಕೂಗಿದ ಅರ್ಕಮ್. ಬೆಂಕಿ ಎಂಬ ಆ ಒಂದು ಪದವನ್ನು ಮಾತ್ರ ಅವನು ತಪ್ಪಿಲ್ಲದೆ ಉಚ್ಚರಿಸಿದ್ದ. ಅತಿಥಿಗಳನ್ನು ಅಂಗಳಕ್ಕೆ ದಬ್ಬಿ, ಬಕೆಟ್ ತುಂಬ ಮರಳು ತಂದು ಬ್ಯಾಟರಿಯ ಮೇಲೆ, ಹುಲಿಯ ಮೇಲೆ, ತನ್ನ ಇಸ್ತ್ರಿ ಅಂಗಿಯ ಮೇಲೆ ಸುರಿದ. ಹೊಗೆ ಬರಲಿಲ್ಲ. ಬರಿಗಾಲಲ್ಲಿ ನಿಂತಿದ್ದ ಮುಆಝ್ ಗೂಡಿಗೆ ಬಂದು, ಕಂಬಳಿ ಸರಿಸಿ, ಬ್ಯಾಟರಿಯ ಮೇಲೆ ಅಂಗೈ ಇಟ್ಟ. ಹಿತವಾಗಿ ಬೆಚ್ಚಗಿತ್ತು, ಅಷ್ಟೇ.

ಅಷ್ಟರಲ್ಲಿ ಆಫಿಯಾ ದೋಸೆ ಹಿಟ್ಟಿನ ಪಾತ್ರೆ ಹಿಡಿದು ಬಂದಳು. ಪಾತ್ರೆಯ ಹೊಟ್ಟೆಗೆ ಸೆನ್ಸರ್ ಅಂಟಿಕೊಂಡಿತ್ತು.

ಈ ಚಳಿಗೆ ಉದ್ದಿನ ಹಿಟ್ಟು ಹುಳಿ ಬರುವುದಿಲ್ಲ; ಮನೆಯಲ್ಲಿ ಬೆಚ್ಚಗಿರುವ ಜಾಗ ಬ್ಯಾಟರಿಯ ಗೂಡೊಂದೇ. ಮಂಗಳವಾರ ಸಂಜೆ ಅವಳು ಪಾತ್ರೆಯನ್ನು ಅಲ್ಲಿಟ್ಟು, ಬಿಸಿ ಸಾಕೋ ಇಲ್ಲವೋ ಎಂದು ಕೂತಲ್ಲೇ ನೋಡಲು ಬ್ಯಾಟರಿಯ ಬೆನ್ನಿನ ಸೆನ್ಸರನ್ನು ಕಿತ್ತು ಅದಕ್ಕೆ ಅಂಟಿಸಿದ್ದಳು. ಬುಧವಾರ ಹಿಟ್ಟು ಉಬ್ಬಿತು, ಪಾತ್ರೆ ಸೆನ್ಸರ್ ಸಮೇತ ಫ್ರಿಜ್ಜಿಗೆ ಹೋಯಿತು. ಫ್ರಿಜ್ ತಣ್ಣಗಾದಾಗ ಚಾರ್ಜ್ ನಿಂತದ್ದು, ಫ್ರಿಜ್ ಸತ್ತಾಗ ಚಾರ್ಜ್ ಬದುಕಿದ್ದು ಹಾಗೆ. ಇವತ್ತು ಅತಿಥಿಗಳಿಗೆ ದೋಸೆಯೆಂದು ಪಾತ್ರೆಯನ್ನು ಒಲೆಯ ಪಕ್ಕ ಇಟ್ಟಿದ್ದಳು.

“ನನ್ನನ್ನೊಂದು ಮಾತು ಕೇಳಬಾರದಿತ್ತಾ?” ಎಂದ ಅರ್ಕಮ್, ಹುಬ್ಬಿನ ಮರಳು ಒರೆಸುತ್ತಾ.

“ಕೇಳಿದೆನಲ್ಲ. ನೀವು ಫೋನ್ ನೋಡ್ತಾ ಹ್ಞೂಂ ಅಂದಿರಿ. ಬ್ಯಾಟರಿಗೆ ಇನ್ನೊಂದು ಇರಬಹುದು ಅಂತ ನಾನು ತಗೊಂಡೆ.”

ಅಬ್ದುಲ್ ಹಮೀದ್ ಇದನ್ನು ಒಂದಕ್ಷರವೂ ಬಿಡದೆ ಅರಬಿಗೆ ಅನುವಾದಿಸಿದರು. ಮುಆಝ್ ಗಂಭೀರವಾಗಿ ಕೇಳಿಸಿಕೊಂಡ. ದೋಸೆ ಬಂತು, ನಾಲ್ಕು ತಿಂದ. ಆಮೇಲೆ ಹನ್ನೆರಡು ಮನೆಗೂ ತಂತಿಯದ್ದೇ ಹಾಕಿ ಎಂದು ಆರ್ಡರ್ ಕೊಟ್ಟ. ತಾನೂ ಮನೆಯಲ್ಲಿ ಹ್ಞೂಂ ಎನ್ನುವವನೇ ಎಂದು ಕಾರಣ ಹೇಳಿದ.

ಕಾರು ಹತ್ತುವಾಗ ಯಜಮಾನರು ಅರ್ಕಮ್‌ನ ಹೆಗಲ ಮೇಲಿನ ಮರಳು ಕೊಡವಿದರು. ಕೊಟ್ಟ ಮಾತಿಗೆ ತಪ್ಪುವವರಲ್ಲ ಅವರು.

“ಟೆಕ್ನಿಶಿಯನ್ ಮಾಡಿಸ್ತೇನೆ ಮಾರಾಯ, ಚಿಂತೆ ಬೇಡ. ಆದರೆ ಅರ್ಜಿಯಲ್ಲಿ ಅನುಭವ ಅಂತ ಒಂದು ಕಾಲಂ ಉಂಟು. ದೋಸೆ ಹಿಟ್ಟಿಗೆ ಚಳಿಯಾಯ್ತು ಅಂತ ಬ್ಯಾಟರಿಗೆ ಕಂಬಳಿ ಹೊದೆಸಿದ್ದನ್ನು ಅರಬಿಯಲ್ಲಿ ಹೇಗೆ ಬರೆಯುವುದು, ನೀನೇ ಹೇಳು.”