ಗೋಡೆಯವರ ಸದಸ್ಯತ್ವ

ಸಾವಿರದ ಒಂಬೈನೂರ ಎಂಬತ್ತೇಳನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಅಫಜಲಪುರದ ಸಂಧ್ಯಾಸುಖ ವೃದ್ಧಾಶ್ರಮದಲ್ಲಿ ಮೂವತ್ತೊಂದು ನಿವಾಸಿಗಳಿದ್ದರು. ಎಲ್ಲರಿಗೂ ಸೇರಿ ಎಪ್ಪತ್ನಾಲ್ಕು ಹಲ್ಲುಗಳಿದ್ದವು. ಇದು ದಫ್ತರದಲ್ಲಿರುವ ಸಂಗತಿ, ಯಾರೂ ತಕರಾರು ಮಾಡುವಂತಿಲ್ಲ. ಆ ಎಪ್ಪತ್ನಾಲ್ಕರಲ್ಲಿ ನಾಲ್ಕು ತುಳಜಾಬಾಯಿಯವು. ನಾಲ್ಕೂ ಗಟ್ಟಿಮುಟ್ಟಾಗಿದ್ದವು. ಆದರೆ ಮೇಲಿನ ಎರಡು ಬಲಕ್ಕೂ ಕೆಳಗಿನ ಎರಡು ಎಡಕ್ಕೂ ಇದ್ದುದರಿಂದ ಒಂದನ್ನೊಂದು ಭೇಟಿಯಾಗುವ ಪ್ರಸಂಗವೇ ಬರುತ್ತಿರಲಿಲ್ಲ.

ಆಶ್ರಮದ ನಿಯಮದಂತೆ ಅಡಿಗೆಯವರು ಸೋಮವಾರ ಒಂದೇ ದಿನ ವಾರಕ್ಕಾಗುವಷ್ಟು ಜೋಳದ ರೊಟ್ಟಿ ಬಡಿದು, ಒಣಗಿಸಿ, ಖಡಕ್ ಮಾಡಿ ಬುಟ್ಟಿಯಲ್ಲಿ ಪೇರಿಸಿಡುತ್ತಿದ್ದರು. ಖಡಕ್ ರೊಟ್ಟಿ ನಮ್ಮ ಕಡೆ ಬಹಳ ಪ್ರೀತಿಯ ಪದಾರ್ಥ, ಹಲ್ಲಿದ್ದವರಿಗೆ. ತುಳಜಾಬಾಯಿ ಅದನ್ನು ಬ್ಯಾಳಿ ಸಾರಿನಲ್ಲಿ ನೆನೆಹಾಕಿ, ಒಂದು ಸುತ್ತು ತಿರುಗಾಡಿ ಬಂದು, ಮತ್ತೆ ಮುಟ್ಟಿ ನೋಡಿ, ಮತ್ತೊಂದು ಸುತ್ತು ತಿರುಗಾಡುತ್ತಿದ್ದಳು. ಹಂಚಿನ ಮೇಲಿಂದ ಆಗಷ್ಟೇ ಇಳಿದ, ಉಬ್ಬಿದ, ಮೆತ್ತನ್ನ ಬಿಸಿ ರೊಟ್ಟಿ ಮುರಿದು ಎರಡು ವರ್ಷವಾಗಿತ್ತು. ಸಾಯುವುದರೊಳಗೆ ಅದೊಂದು ಸಿಕ್ಕರೆ ಸಾಕು ಅನ್ನುವಾಗ ಆಕೆಯ ಕಣ್ಣಲ್ಲಿ ನೀರೇ ಬರುತ್ತಿತ್ತು.

ಅಷ್ಟರಲ್ಲಿ ಮೇಲಿನಿಂದ ಸುತ್ತೋಲೆ ಬಂತು. 'ವೃದ್ಧಾಶ್ರಮಗಳ ಆಡಳಿತದಲ್ಲಿ ನಿವಾಸಿಗಳಿಗೆ ದನಿ ಇರತಕ್ಕದ್ದು. ಸದರಿ ದನಿಯನ್ನು ಆಡಳಿತ ಮಂಡಳಿಯ ಸಭೆಯಲ್ಲಿ ಕೇಳಿ, ನಡಾವಳಿಯಲ್ಲಿ ಬರೆದು, ಮೂರು ಪ್ರತಿಗಳಲ್ಲಿ ಕಳಿಸತಕ್ಕದ್ದು.'

ದನಿಯ ವಿಷಯ ಬಂದಮೇಲೆ ಚುನಾವಣೆ ಯಾತಕ್ಕೆ? ತುಳಜಾಬಾಯಿ ಅಡಿಗೆಮನೆಯಲ್ಲಿ ಮಾತಾಡಿದರೆ ಗೇಟಿನಲ್ಲಿದ್ದ ವಾಚಮನ್ "ಹೌದ್ರಿ" ಅನ್ನುತ್ತಿದ್ದ. ಆಕೆಯೇ ಪ್ರತಿನಿಧಿಯೆಂದು ತೀರ್ಮಾನವಾಯಿತು. ಪಕ್ಕದ ಖಾಟಿನ ಜೈತುನಬಿ ಆಕೆಯ ತಲೆ ಬಾಚಿ, ತನ್ನದೇ ಇಳಕಲ್ ಸೀರೆ ಉಡಿಸಿ ಸಭೆಗೆ ತಯಾರು ಮಾಡಿದಳು.

"ಅಂಜಬ್ಯಾಡ ಬೇ. ರೊಟ್ಟಿ ಬಿಟ್ಟು ಬ್ಯಾರೇ ಮಾತು ತಗೀಬ್ಯಾಡ."

"ನಾ ಅಂಜ್ತೇನಿ? ಆ ಅಧ್ಯಕ್ಷಗ ಇವತ್ತ ಬೆವರು ಇಳಸ್ತೇನಿ ನೋಡು!"

ಅಧ್ಯಕ್ಷರನ್ನು ಆಶ್ರಮದಲ್ಲಿ ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಅವರ ಸಹಿ ಮಾತ್ರ ಬಂದುಹೋಗಿ ಮಾಡುತ್ತಿತ್ತು, ಆಶ್ರಮ ಅದರ ಮೇಲೇ ಚೆನ್ನಾಗಿ ನಡೆದಿತ್ತು. ಸುತ್ತೋಲೆಯ ದೆಸೆಯಿಂದ ಅವರು ಖುದ್ದಾಗಿ ಬಂದರು. ಬಂದವರು ಯಾರು ಅಂತೀರಿ? ಅತನೂರಿನ ಬಸವಂತರಾಯರು, ತುಳಜಾಬಾಯಿಯ ಗಂಡನ ದೊಡ್ಡಪ್ಪನ ಮಗ. ಅಂದರೆ ಖಾಸ ಭಾವ!

ಭಾವನ ಎದುರು ಮನೆಯ ಸೊಸೆಯಾದವಳು ಬಾಯಿ ತೆರೆಯಬಾರದು. ಗಂಡ ತೀರಿಹೋಗಿ ಹದಿನೆಂಟು ವರ್ಷ, ಆಕೆಗೆ ಎಪ್ಪತ್ತು, ಭಾವನಿಗೆ ಎಪ್ಪತ್ತಾರು; ಆದರೂ ರಿವಾಜು ರಿವಾಜೇ. ತುಳಜಾಬಾಯಿ ಸೆರಗನ್ನು ಮೂಗಿನತನಕ ಎಳೆದುಕೊಂಡು ಗುಬ್ಬಿಯ ಹಾಗೆ ಮುದುರಿ ಕೂತಳು.

ಕಾರ್ಯದರ್ಶಿ ಮುರ್ತುಜಾ ಸಾಹೇಬರು ಪೆನ್ನಿನ ಟೋಪಿ ತೆಗೆದರು. "ಪ್ರತಿನಿಧಿಯವರು ದನಿ ಎತ್ತಬೇಕ್ರಿ."

ದನಿ ಏಳಲಿಲ್ಲ. ಬಾಗಿಲಲ್ಲಿದ್ದ ಜೈತುನಬಿ ಹಣೆ ಬಡಿದುಕೊಂಡಳು. "ಯಾ ಅಲ್ಲಾ, ಇವತ್ತೇ ಬಾಯಿ ಬಂದ್ ಆಗಬೇಕೇನ್ ಬೇ?"

ರೊಟ್ಟಿ ಕೈತಪ್ಪಿ ಹೋಗುವುದು ತುಳಜಾಬಾಯಿಗೆ ಕಣ್ಣೆದುರೇ ಕಾಣುತ್ತಿತ್ತು. ಆದರೆ ರಿವಾಜಿಗೆ ಒಂದು ಸಂದು ಇದೆ. ತೀರಾ ಅಡಚಣೆಯಿದ್ದರೆ ಭಾವನಿಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳಬಹುದು. ಆಕೆ ಸರ್ರನೆ ಹೊರಳಿ ಗೋಡೆಗೆ ಮುಖಮಾಡಿ ಕೂತಳು.

"ಗ್ವಾಡೀ, ಅವರಿಗಿ ಹೇಳು. ಖಡಕ್ ರೊಟ್ಟಿ ನಮ್ಮ ಹಲ್ಲಿಗಿ ಆಗಂಗಿಲ್ಲ. ದಿನಾ ಬಿಸಿ ರೊಟ್ಟಿ ಮಾಡಿಸ್ರಿ ಅಂತ ಹೇಳು."

ಬಸವಂತರಾಯರೂ ಮನೆತನಸ್ಥರು, ತಮ್ಮನ ಹೆಂಡತಿಗೆ ನೇರ ಉತ್ತರ ಕೊಡುವವರಲ್ಲ. ಅವರೂ ಗೋಡೆಯತ್ತ ತಿರುಗಿದರು. "ಗ್ವಾಡೀ, ವಿಚಾರ ಮಾಡ್ತೇವಿ ಅಂತ ಹೇಳು ಆಕಿಗಿ."

ಮುರ್ತುಜಾ ಸಾಹೇಬರು ಕಂಡದ್ದನ್ನು ಕಂಡಹಾಗೆ ಬರೆಯುವ ಮನುಷ್ಯ. ಅದೇ ಅವರ ಗುಣ, ಅದೇ ಅವರ ರೋಗ. 'ಪ್ರತಿನಿಧಿಯವರು ಸಭೆಗೆ ಬೆನ್ನು ಮಾಡಿ ಕೂತರು. ಊಟದ ವಿಷಯವಾಗಿ ಗೋಡೆಯವರ ಮುಖಾಂತರ ಚರ್ಚೆಯಾಯಿತು. ಅಧ್ಯಕ್ಷರು ಗೋಡೆಯವರಿಗೆ ಭರವಸೆ ಕೊಟ್ಟರು' ಎಂದು ಬರೆದು ಮೂರು ಪ್ರತಿ ಮೇಲೆ ಕಳಿಸಿದರು.

ಮೇಲಿನವರು ಓದದೆ ಬಿಡುತ್ತಾರೆಯೇ? ಹದಿನೈದು ದಿನದಲ್ಲಿ ಪತ್ರ ಬಂತು. 'ಸದರಿ ಗೋಡೆ ಎಂಬವರು ಯಾರು? ನಿವಾಸಿಯೇ? ಅರವತ್ತು ತುಂಬಿದೆಯೇ? ಭಾವಚಿತ್ರ ಮತ್ತು ವೈದ್ಯರ ಪ್ರಮಾಣಪತ್ರದೊಂದಿಗೆ ಸದಸ್ಯತ್ವದ ಅರ್ಜಿ ಕಳಿಸತಕ್ಕದ್ದು.'

ಮುರ್ತುಜಾ ಸಾಹೇಬರು ಅರ್ಜಿ ತುಂಬಿದರು. ಆಶ್ರಮದ ಕಟ್ಟಡ ನಿಜಾಮರ ಕಾಲದ ಚಾವಡಿ, ಕಟ್ಟಿದ್ದು ಇಪ್ಪತ್ತೊಂದನೆಯ ಇಸವಿಯಲ್ಲಿ. ಹಾಗಾಗಿ ವಯಸ್ಸು ಅರವತ್ತಾರು, ಅರ್ಹತೆ ಇದೆ. ವಾಸ: ಹಗಲೂ ರಾತ್ರಿ ಇಲ್ಲಿಯೇ. ಹೇಳದೆ ಕೇಳದೆ ಊರಿಗೆ ಹೋಗುವ ಚಾಳಿ: ಇಲ್ಲ. ನೋಡಿಕೊಳ್ಳುವ ಮಕ್ಕಳು: ಇಲ್ಲ. ಫೋಟೋದವನು ಬಂದು ಗೋಡೆಗೆ "ಅಲುಗಾಡಬ್ಯಾಡ್ರಿ" ಎಂದು ಹೇಳಿ ಫೋಟೋ ತೆಗೆದ. ಫೋಟೋ ಬಹಳ ಸ್ವಚ್ಛ ಬಂತು.

ಡಾಕ್ಟರು ಬಂದು ಗೋಡೆಯನ್ನು ಅಲ್ಲಲ್ಲಿ ಬೆರಳಿನಿಂದ ಬಡಿದು ನೋಡಿದರು. 'ಮೈಕಟ್ಟು ಗಟ್ಟಿ. ಬುಡದಲ್ಲಿ ಸ್ವಲ್ಪ ಶೀತ. ಬಾಯಲ್ಲಿ ಒಂದೂ ಹಲ್ಲು ಕಂಡುಬರುವುದಿಲ್ಲ. ಬಿಸಿಯಾದ ಮೆತ್ತನ್ನ ಆಹಾರ ಕೊಡತಕ್ಕದ್ದು.'

ಮಂಜೂರಾತಿ ಬಂದೇಬಿಟ್ಟಿತು. ಗೋಡೆಗೆ ದಿನಕ್ಕೆ ಎರಡು ಬಿಸಿ ರೊಟ್ಟಿ. ಉಳಿದ ನಿವಾಸಿಗಳಿಗೆ ಎಪ್ಪತ್ನಾಲ್ಕು ಹಲ್ಲುಗಳಿರುವುದು ದಾಖಲೆಯಿಂದ ಕಂಡುಬರುವುದರಿಂದ ಖಡಕ್ ರೊಟ್ಟಿಯೇ ಮುಂದುವರಿಯತಕ್ಕದ್ದು.

ತುಳಜಾಬಾಯಿಯ ಎದುರಿಗೇ ಹಬೆಯಾಡುವ ಎರಡು ರೊಟ್ಟಿ ಗೋಡೆಯ ಮುಂದೆ ಬಂದು ಕೂತವು. ಮುಟ್ಟಲಿಕ್ಕೆ ಹೋದರೆ ಅಡಿಗೆಯವನು "ಅವು ಸದಸ್ಯರವು" ಅಂದ.

"ನನ್ನ ಹಾಟ್ಯಾ ಸದಸ್ಯ!" ಅಂದಳು ತುಳಜಾಬಾಯಿ. ಗೇಟಿನಲ್ಲಿ ವಾಚಮನ್ "ಹೌದ್ರಿ" ಅಂದ.

ಎರಡನೆಯ ಸಭೆಯ ಹೊತ್ತಿಗೆ ಆಕೆ ಅಳುವುದನ್ನು ಬಿಟ್ಟು ವಿಚಾರ ಮಾಡಿದ್ದಳು. ಭಾವ ಬಂದು ಕೂತೊಡನೆ ಸೆರಗು ಎಳೆದುಕೊಂಡು ಗೋಡೆಗೆ ಮಾತು ಶುರುಮಾಡಿದಳು.

"ಗ್ವಾಡೀ, ನಿನ್ನ ನೋಡಿದ್ರ ಕರಳು ಚುರುಕ್ ಅಂತದ. ಇಪ್ಪತ್ತೆರಡು ಫೂಟು ಉದ್ದ ಅದಿ, ಎರಡಾಳು ಎತ್ತರ ಅದಿ. ಎರಡು ರೊಟ್ಟಿ ನಿನಗ ಎಲ್ಲಿ ಸಾಕಾಗ್ತಾವ? ಅತನೂರ ದೊಡ್ಡ ಮನೆತನದವರ ಅಧ್ಯಕ್ಷತಾದಾಗ ನೀ ಅರೆಹೊಟ್ಟಿ ಕುಂದರಬೇಕೇನು?"

ಮನೆತನದ ಹೆಸರು ಬಂದೊಡನೆ ಬಸವಂತರಾಯರು ಕೆಂಪಗಾದರು. "ಗ್ವಾಡೀ, ಎಷ್ಟು ಬೇಕಂತ ಬಾಯಿ ಬಿಟ್ಟು ಕೇಳು. ನಮ್ಮ ಮನ್ಯಾಗ ಯಾರೂ ಹಸದು ಎದ್ದಿಲ್ಲ!"

"ಅರವತ್ತೆರಡು ಅಂತ ಹೇಳು, ಗ್ವಾಡೀ."

"ಆತು ಅಂತ ಹೇಳು."

ಮುರ್ತುಜಾ ಸಾಹೇಬರು ಬರೆದರು. ಮೂವತ್ತೊಂದು ಜನಕ್ಕೆ ಎರಡೆರಡರಂತೆ ಎಷ್ಟಾಗುತ್ತದೆಂದು ಅವರು ಕೇಳಲಿಲ್ಲ. ಅದು ಚರ್ಚೆಯಲ್ಲಿ ಬಂದಿರಲಿಲ್ಲ.

ಮರುದಿನದಿಂದ ಅಡಿಗೆಮನೆಯಲ್ಲಿ ಬೆಳಗಿನಿಂದಲೇ ರೊಟ್ಟಿ ಬಡಿಯುವ ಸಪ್ಪಳ. ಅರವತ್ತೆರಡು ರೊಟ್ಟಿ ಗೋಡೆಯ ಮುಂದೆ ಬರುತ್ತಿದ್ದವು. ಗೋಡೆ ಸಣ್ಣ ಊಟದವರು, ಎಲ್ಲವನ್ನೂ ಉಳಿಸುತ್ತಿದ್ದರು. ಸದಸ್ಯರು ಉಂಡು ಉಳಿಸಿದ್ದನ್ನು ಕೆಡಿಸಬಾರದೆಂದು ನಿವಾಸಿಗಳೇ ತಿನ್ನುತ್ತಿದ್ದರು. ಮೊದಲ ದಿನ ತುಳಜಾಬಾಯಿ ರೊಟ್ಟಿ ಮುರಿದಾಗ ಒಳಗಿಂದ ಹಬೆ ಎದ್ದು ಮುಖಕ್ಕೆ ಬಡಿಯಿತು. ಆಕೆ ಅಳುತ್ತಲೇ ತಿಂದಳು, ಜೈತುನಬಿ ಬೆನ್ನು ಸವರಿದಳು. ಖಡಕ್ ರೊಟ್ಟಿಗಳು ದಾಖಲೆಯಲ್ಲಿ ನಿವಾಸಿಗಳಿಗೂ, ನಿಜದಲ್ಲಿ ವಾಚಮನ್‌ನ ಎಮ್ಮೆಗೂ ಹೋಗುತ್ತಿದ್ದವು. ಎಮ್ಮೆಯ ಹಲ್ಲು ಚೆನ್ನಾಗಿದ್ದವು.

ಮರುವರ್ಷ ಗೋಡೆ ಅವಿರೋಧವಾಗಿ ಪ್ರತಿನಿಧಿಯಾಗಿ ಆರಿಸಿಬಂತು. ಹೆಸರು ಸೂಚಿಸಿದವಳು ತುಳಜಾಬಾಯಿ. ತಿಂಗಳ ಸಭೆಯನ್ನು ಬಸವಂತರಾಯರು ವಾರದ ಸಭೆ ಮಾಡಿದರು, ಆಮೇಲೆ ದಿನಾ ಮಾಡಿದರು, ಹೊತ್ತು ಮಧ್ಯಾಹ್ನ ಒಂದು ಗಂಟೆ. ಅವರಿಗೂ ಹಲ್ಲು ಉಳಿದಿರಲಿಲ್ಲ, ಪಾಪ. ಗೋಡೆಯ ಆ ತುದಿಗೆ ಅವರು, ಈ ತುದಿಗೆ ಸೆರಗು ಹೊದ್ದ ತುಳಜಾಬಾಯಿ, ನಡುವೆ ಬರೆಯುವ ಮುರ್ತುಜಾ ಸಾಹೇಬರು.

"ಗ್ವಾಡೀ, ಇನ್ನೊಂದು ಹಾಕಲೇನು ಕೇಳು ಅವರಿಗಿ."

"ಬ್ಯಾಡಂತ ಹೇಳು, ಗ್ವಾಡೀ. ಹೊಟ್ಟಿ ತುಂಬೇದ." ಬಸವಂತರಾಯರು ತಟ್ಟೆ ಮುಂದೆ ಸರಿಸಿದರು. "ಅರ್ಧಾ ಹಾಕಂತ ಹೇಳು."

ಮುರ್ತುಜಾ ಸಾಹೇಬರು ಅಂದಿನ ನಡಾವಳಿ ಮುಗಿಸಿದರು: 'ಗೋಡೆಯವರು ಇಂದು ಅರ್ಧ ರೊಟ್ಟಿ ಹೆಚ್ಚು ಉಂಡರು. ಆರೋಗ್ಯ ಸುಧಾರಿಸುತ್ತಿದೆ.'