ಜಯಕುಮಾರ್ ಮೇಷ್ಟ್ರ ನಾಲ್ಕು ವಾಲ್ವು

ಮಧುಗಿರಿಯಲ್ಲಿ ಗಣಿತದ ಮೇಷ್ಟ್ರಾದವನು ಸಂಜೆ ಹೊತ್ತು ಟ್ಯೂಷನ್ ಮಾಡಬೇಕು, ಇಲ್ಲವೇ ಸೈಟು ನೋಡಿಕೊಂಡು ಬರಬೇಕು. ಗಿಟಾರ್ ಬಾರಿಸಬಾರದು. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ, ಆದರೆ ಗಂಗಾಂಬಿಕಾಗೆ ಬಾಯಿಪಾಠವಾಗಿತ್ತು. ಅವಳ ಗಂಡ ಜಯಕುಮಾರನಿಗೆ ಮಾತ್ರ ನೆನಪಿರುತ್ತಿರಲಿಲ್ಲ.

ಗಿಟಾರನ್ನಾದರೂ ಅವಳು ಸಹಿಸಿಕೊಂಡಿದ್ದಳು. ಮದುವೆಗೆ ಮುಂಚಿನ ಸಂಬಂಧ, ಎಲ್ಲೋ ಮೂಲೇಲಿ ಬಿದ್ದಿರಲಿ ಅಂತ. (ಗಿಟಾರಿನ ಮಾತು ಹೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ.) ಆದರೆ ಒಂದು ದಿನ ಶಿರಾಕ್ಕೆ ಹೋದವನು ಲಗೇಜ್ ಆಟೋದಲ್ಲಿ ಒಂದು ಪೆಟ್ಟಿಗೆ ಹೇರಿಕೊಂಡು ಬಂದ ನೋಡಿ, ಅವತ್ತು ಸಂಸಾರದ ಶ್ರುತಿ ಕೆಟ್ಟಿತು.

ಅದು ಟ್ಯೂಬ್ ಆಂಪ್ಲಿಫೈಯರ್. ಗಿಟಾರಿನ ಸದ್ದು ದೊಡ್ಡದು ಮಾಡುವ ಯಂತ್ರ. ಶಿರಾದ ಅತೀಕ್ ಅಂತ ಒಬ್ಬ, ಅಜ್ಜನ ಕಾಲದ ರೇಡಿಯೋ ಅಂಗಡಿಯಲ್ಲೇ ಕೂತು, ಒಂದೊಂದು ತಂತಿಯನ್ನೂ ಕೈಯಲ್ಲೇ ಬೆಸೆದು ಇಂಥವನ್ನು ಮಾಡುತ್ತಾನೆ. ಒಳಗೆ ಚಿಪ್ಪು ಗಿಪ್ಪು ಇಲ್ಲ, ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ಬುರುಡೆಗಳು. ಅವಕ್ಕೆ ಟ್ಯೂಬು ಅಂತಲೂ ಅನ್ನುತ್ತಾರೆ, ವಾಲ್ವು ಅಂತಲೂ ಅನ್ನುತ್ತಾರೆ. ಅತೀಕನ ಬಾಯಲ್ಲಿ ಅವು ವಾಲ್ವು. "ಇದು ಮಷೀನ್ ಅಲ್ಲ ಸಾಬ್, ದಿಲ್," ಅಂದಿದ್ದ. ಜಯಕುಮಾರನ ದಿಲ್ಲು ಅಲ್ಲೇ ಜಾರಿಬಿತ್ತು.

ಮನೆಗೆ ತಂದವನು ಅದನ್ನು ಹಾಲ್‌ನ ಒಂದೇ ಒಂದು ಪ್ಲಗ್ಗಿನ ಹತ್ತಿರ, ಗಂಗಾಂಬಿಕಾ ಹೊಸ ಫ್ರಿಜ್ಜಿಗೆ ಅಂತ ಮೀಸಲಿಟ್ಟಿದ್ದ ಜಾಗದಲ್ಲಿ, ಸಕಲ ಮರ್ಯಾದೆಯೊಂದಿಗೆ ಪ್ರತಿಷ್ಠಾಪಿಸಿದ. ಸ್ವಿಚ್ ಒತ್ತಿ, "ಈಗ ಕೇಳು," ಅಂದ.

ಏನೂ ಕೇಳಿಸಲಿಲ್ಲ.

"ವಾಲ್ವು ಕಾಯಬೇಕು ಕಣೆ. ಸ್ವಲ್ಪ ತಾಳು."

"ಇದೇನ್ರಿ, ನೀರೊಲೇನಾ, ಹೊತ್ತಿಸಿ ಕಾಯ್ಕೊಂಡು ಕೂರೋಕೆ?"

ಅಷ್ಟರಲ್ಲಿ ಬುರುಡೆಗಳು ಕೆಂಡದ ಬಣ್ಣಕ್ಕೆ ತಿರುಗಿದವು. ಜಯಕುಮಾರನ ತಾಯಿ ದಾಸಮ್ಮ ಕುರ್ಚಿ ಎಳೆದುಕೊಂಡು ಬಂದು ಪೆಟ್ಟಿಗೆಯ ಬೆನ್ನಿಗೆ ಮೊಣಕಾಲು ಒಡ್ಡಿ ಕೂತರು. ವೈ.ಎನ್.ಹೊಸಕೋಟೆಯ ಹೆಣ್ಣುಮಗಳು, ಕನ್ನಡಕ್ಕೆ ತೆಲುಗು ಕಲಸಿಕೊಂಡೇ ಮಾತಾಡುವವರು. "ಬಾಗುಂದಿ ನಾಯನಾ. ಮಂಡಿನೋವಿಗೆ ಹಾಯಾಗೈತೆ," ಅಂದರು. ಪೆಟ್ಟಿಗೆಗೆ ಸಿಕ್ಕ ಮೊದಲ ಪ್ರಶಸ್ತಿ ಅದೇ.

ಜಯಕುಮಾರ ಮೀಟಿದ. ಮೆಲ್ಲಗೆ ಮೀಟಿದರೆ ಸ್ವರ ಕೆನೆಗಟ್ಟಿದ ಹಾಲಿನ ಹಾಗೆ ಮೆತ್ತಗೆ ಬಂತು. ಬೆರಳು ಬಿಗಿ ಮಾಡಿದರೆ ಒಂದು ಗಳಿಗೆ ತಗ್ಗಿ, ಉಸಿರು ಎಳೆದುಕೊಂಡು, ಆಮೇಲೆ ಅಂಚಿನಲ್ಲಿ ಕರಕರ ಅನ್ನುತ್ತಾ ಉಬ್ಬಿತು. ಬೆರಳಿನ ಮನಸ್ಸು ಪೆಟ್ಟಿಗೆಗೆ ತಿಳಿಯುತ್ತಿತ್ತು. ಅವನಿಗೆ ಮೈ ಜುಮ್ಮೆಂದಿತು. ಹೆಂಡತಿಯ ಮುಖ ನೋಡಿದ.

"ಸ್ಪೀಕರ್ ಹರಿದೋಗೈತೆ ಅನ್ಸುತ್ತೆ ಕಣ್ರೀ. ಗ್ಯಾರಂಟಿ ಕಾರ್ಡ್ ಕೊಟ್ಟವ್ರಾ?"

"ಹರಿದಿರೋದಲ್ಲ, ಅದೇ ಟೋನು. ಅದಕ್ಕೇ ಜನ ಸಾಯ್ತಾರೆ."

"ಸಾಯ್ದೆ ಇನ್ನೇನು. ನೆಗಡಿ ಆದೋರ ಗಂಟಲಿದ್ದಂಗೈತೆ. ಒಂದ್ ಲೋಟ ಮೆಣಸಿನ ಕಷಾಯ ಹುಯ್ರಿ ಅದರ ಬಾಯಿಗೆ."

ಹೀಗೆ ವಾರ ಕಳೆಯಿತು. ಅವನು ಟೋನು ಅಂದರೆ ಅವಳು ಫ್ರಿಜ್ಜು ಅನ್ನುತ್ತಿದ್ದಳು. ಕೊನೆಗೆ ಗಂಗಾಂಬಿಕಾ ತೀರ್ಪು ಕೊಟ್ಟಳು. "ಭಾನುವಾರ ಸಂಜೆ ಹೊರಗಿನೋರು ಒಬ್ಬರಾದ್ರೂ ಬಂದು, ಕೂತು, ಪೂರ್ತಿ ಕೇಳಿ, ಚೆನ್ನಾಗೈತೆ ಅನ್ಲಿ. ಪೆಟ್ಟಿಗೆ ಇಲ್ಲೇ ಇರ್ಲಿ. ಯಾರೂ ಅನ್ಲಿಲ್ವೋ, ಸೋಮವಾರ ಅದೇ ಆಟೋ, ಅದೇ ಶಿರಾ."

ಆ ಪೆಟ್ಟಿಗೆ ಹೋದರೆ ತನ್ನ ಉಸಿರೇ ಹೋದ ಹಾಗೆ ಅಂತ ಜಯಕುಮಾರನಿಗೆ ನಿಜವಾಗಿಯೂ ಅನ್ನಿಸಿತ್ತು. ಬೀದಿಯವರನ್ನೆಲ್ಲ ಕರೆಯಲು ಹೊರಟ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಆ ಬೀದಿಯಲ್ಲಿ ವಾಲ್ವು ಅಂದರೆ ಒಂದೇ ಅರ್ಥ: ರಸ್ತೆ ಗುಂಡಿಯೊಳಗೆ ಕೂತಿರುವ ಕಬ್ಬಿಣದ ಚಕ್ರ. ವಾಲ್ವ್‌ಮನ್ ಕದಿರಯ್ಯ ಅದನ್ನು ತಿರುಗಿಸಿದರೆ ನಲ್ಲಿಗೆ ನೀರು, ಇಲ್ಲದಿದ್ದರೆ ಬೆಟ್ಟದ ಬುಡದ ಸಿಮೆಂಟು ತೊಟ್ಟಿಯಿಂದ, ಅಂದರೆ ತೊಂಬೆಯಿಂದ, ಹೊತ್ತು ತರಬೇಕು. ಗಿಟಾರಿನ ಧ್ಯಾನದಲ್ಲಿದ್ದ ಮೇಷ್ಟ್ರಿಗೆ ಇದು ಹೊಳೆಯಲಿಲ್ಲ. ಎದುರುಮನೆ ಬದರುನ್ನೀಸಾ ಬಾಗಿಲಲ್ಲೇ ಸಿಕ್ಕಳು.

"ಭಾನುವಾರ ಸಂಜೆ ನಮ್ಮನೇಲಿ ವಾಲ್ವು ಆನ್ ಮಾಡ್ತೀನಿ. ಎಲ್ಲಾರೂ ಬರಬೇಕಮ್ಮ."

"ನಿಮ್ಮನೇಲೇ ವಾಲ್ವಾ ಸಾರ್?"

"ಹ್ಞೂಂ ಮತ್ತೆ. ನಾಲ್ಕು ಹಾಕ್ಸಿದೀನಿ."

ಬದರುನ್ನೀಸಾ ಎದೆ ಮೇಲೆ ಕೈ ಇಟ್ಟುಕೊಂಡಳು. "ನಾಲ್ಕಾ? ಫೋರ್ಸ್ ಹೆಂಗೈತೆ ಸಾರ್?"

"ಪೂರ್ತಿ ತಿರುಗಿಸಿದ್ರೆ ಬೀದಿ ಕೊನೆವರೆಗೂ ಬರ್ತದೆ. ಎದೆಗೇ ಹೊಡೀತದೆ."

"ಅಲ್ಲಾ ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಸಾರ್," ಅಂದಳು ಆಕೆ. ಸಂಗೀತಕ್ಕೆ ಇಷ್ಟು ಗೌರವವಿರುವ ಬೀದಿಯಲ್ಲಿ ಇಷ್ಟು ವರ್ಷ ಸುಮ್ಮನಿದ್ದೆನಲ್ಲಾ ಅಂತ ಜಯಕುಮಾರನಿಗೆ ಕಣ್ಣು ತೇವವಾಯಿತು.

ಭಾನುವಾರ ಸಂಜೆ ಹಾಲು, ಜಗುಲಿ ಎಲ್ಲ ತುಂಬಿಹೋಯಿತು. ಎಲ್ಲರೂ ಹೆಂಗಸರೇ, ಎಲ್ಲರ ಕೈಯಲ್ಲೂ ಬಿಂದಿಗೆ. ಸ್ಟೀಲಿನದು, ತಾಮ್ರದ್ದು, ಹಿತ್ತಾಳೆದು. ಪಾಪ, ಬರುವಾಗಲೋ ಹೋಗುವಾಗಲೋ ನೀರಿನ ಕೆಲಸ ಇರಬಹುದು ಅಂದುಕೊಂಡ. (ಗಣಿತದ ಮೇಷ್ಟ್ರು. ಎರಡೂ ಎರಡೂ ಕೂಡಿಸುವುದು ಶಾಲೆಯಲ್ಲಿ ಮಾತ್ರ.)

"ವಾಲ್ವು ಬಿಸಿಯಾಗ್ಲಿ, ಆಮೇಲೆ ಬರ್ತದೆ," ಅಂದ. ಎಲ್ಲರೂ ತಲೆ ಆಡಿಸಿ, ಬಿಂದಿಗೆ ಮುಂದಿಟ್ಟುಕೊಂಡು ಶಿಸ್ತಾಗಿ ಕೂತರು.

ಮೊದಲ ತಂತಿ ಮೀಟಿದ. ಏನೋ ಆಯಿತು. ಸ್ವರ ಪೆಟ್ಟಿಗೆಯಿಂದ ಹೊರಟು, ಇಡೀ ಹಾಲ್ ಸುತ್ತಿ, ಘುಂ ಅಂತ ತಿರುಗಿ ಬಂತು. ಒಂದು ಸ್ವರಕ್ಕೆ ಹತ್ತು ಕಡೆಯಿಂದ ಓ ಅಂದ ಹಾಗೆ. ಮಂದ್ರದಲ್ಲಿ ನೆಲ ನಡುಗಿ ಅಂಗಾಲಿಗೆ ತಾಕಿತು. ಮೇಲಕ್ಕೆ ಹೋದರೆ ಸಣ್ಣ ಗೆಜ್ಜೆಯ ದನಿ. ಅತೀಕನ ಅಂಗಡಿಯಲ್ಲೂ ಹೀಗೆ ಕೇಳಿರಲಿಲ್ಲ. ಜಯಕುಮಾರ ಕಣ್ಣು ಮುಚ್ಚಿ ಬಾರಿಸಿದ. ತೆರೆದಾಗ ಗಂಗಾಂಬಿಕಾ ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತುಬಿಟ್ಟಿದ್ದಳು.

"ಚೆನ್ನಾಗೈತೆ ಕಣ್ರೀ," ಅಂದಳು ಮೆಲ್ಲಗೆ.

"ಬಹಳ ಚೆನ್ನಾಗೈತೆ ಸಾರ್," ಅಂದಳು ಬದರುನ್ನೀಸಾ. "ಈಗ ಬಿಡಿ."

"ಇನ್ನೊಂದು ಬಿಡ್ಲಾ?"

"ನೀರು ಸಾರ್."

ಗಂಗಾಂಬಿಕಾ ಬಿಂದಿಗೆಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಎಲ್ಲ ಅರ್ಥವಾಯಿತು. "ಬಾಗಿಲಿಗೆ ಬಂದ ಹೆಣ್ಮಕ್ಕಳನ್ನ ಬರೀ ಬಿಂದಿಗೇಲಿ ಕಳಿಸ್ತಾರೇನ್ರಿ? ಎದ್ದೇಳಿ. ಮೋಟ್ರು ಹಾಕಿ," ಅಂದಳು. ಸಂಪು ತಳ ಕಾಣುವವರೆಗೂ ಬಿಂದಿಗೆಗಳು ತುಂಬಿದವು.

ತುಂಬಿದ ಮೇಲೆ ಹೆಂಗಸರಿಗೆ ದಾಕ್ಷಿಣ್ಯ. "ಮೇಷ್ಟ್ರು ನೀರು ಕೊಟ್ಟವ್ರೆ, ಇನ್ನೊಂದು ಕೇಳ್ಕೊಂಡೇ ಹೋಗಾನ," ಅಂತ ಮತ್ತೆ ಕೂತರು. ಜಯಕುಮಾರ ಹುಮ್ಮಸ್ಸಿನಿಂದ ಮೀಟಿದ. ಘುಂ ಇಲ್ಲ, ಗೆಜ್ಜೆ ಇಲ್ಲ. ಅದೇ ಪೆಟ್ಟಿಗೆ, ಅದೇ ನೆಗಡಿ. ಗುಂಡಿ ತಿರುಗಿಸಿದ, ವೈರು ಅಲುಗಿಸಿದ, ಬುರುಡೆಗಳನ್ನು ಬಗ್ಗಿ ನೋಡಿದ.

ದಾಸಮ್ಮ ಮುಂದಿದ್ದ ಬಿಂದಿಗೆಗೆ ಬೆರಳಲ್ಲಿ ಬಡಿದರು. ಅದು ದಪ್ ಅಂತು. "ಪೆಟ್ಟಿಗೆ ಒಂದೇ ಕೂಗಿದ್ದಲ್ಲ ಕಣ್ಲಾ. ಬಿಂದಿಗೆ ಖಾಲಿ ಇತ್ತು, ಓಗೊಡ್ತಿತ್ತು. ಇಪ್ಪುಡು ನಿಂಡಿಂದಿ. ತುಂಬೈತೆ, ಸುಮ್ಕಾಯ್ತು."

ಎಲ್ಲರೂ ಹೋದ ಮೇಲೆ ಜಯಕುಮಾರ ಕೊನೆಯ ಪಟ್ಟು ಹಾಕಿದ. "ಚೆನ್ನಾಗೈತೆ ಅಂದ್ರು ತಾನೆ? ನೀನೂ ಅಂದೆ."

"ಅಂದೆ. ಈಗ್ಲೂ ಅಂತೀನಿ," ಅಂದಳು ಗಂಗಾಂಬಿಕಾ. ಅವಳ ಕಣ್ಣಲ್ಲಿ ಇನ್ನೂ ಆ ಹಾಡು ಇತ್ತು. "ಪೆಟ್ಟಿಗೆ ಇರ್ಲಿ. ಪ್ರತಿ ಭಾನುವಾರ ಎಲ್ಲಾರೂ ಖಾಲಿ ಬಿಂದಿಗೆ ತರ್ಲಿ. ಖಾಲಿ ತರೋದು ಅವರ ಕೆಲಸ, ತುಂಬ್ಸಿ ಕಳಿಸೋದು ನಿಮ್ಮ ಕೆಲಸ. ಸಂಪಿನ ನೀರು ಮುಟ್ಟಂಗಿಲ್ಲ. ತೊಂಬೆಯಿಂದ ತನ್ನಿ."

ಈಗ ಭಾನುವಾರ ಸಂಜೆ ಆ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಹಾಡು ಮುಗಿದರೆ ಜಯಕುಮಾರ ಗಿಟಾರ್ ಇಳಿಸಿ, ಲುಂಗಿ ಎತ್ತಿ ಕಟ್ಟಿ, ಬೆಟ್ಟದ ಬುಡಕ್ಕೂ ಮನೆಗೂ ಅಲೆಯುತ್ತಾನೆ. ಹೆಂಡತಿ ತನ್ನ ವಾದನ ಕೇಳಿ ಒಂದು ಸಲವಾದರೂ "ಒನ್ಸ್ ಮೋರ್" ಅನ್ನಬೇಕು ಅನ್ನುವುದು ಅವನ ಜನ್ಮದ ಆಸೆ. ಅವಳು ಈಗ ಮುಂದಿನ ಸಾಲಿನಲ್ಲೇ ಕೂತು ಪ್ರತಿ ವಾರವೂ ಅನ್ನುತ್ತಾಳೆ. ಹೆಂಗಸರು ಎದ್ದು, ತುಂಬಿದ್ದನ್ನು ಮನೆಯಲ್ಲಿ ಇಳಿಸಿ, ಇನ್ನೊಂದು ಸುತ್ತು ಖಾಲಿ ಬಿಂದಿಗೆ ತರುತ್ತಾರೆ.