ರೇಷ್ಮೆಗೂಡಿನ ತೋರಣವೂ ನನ್ನ ನಾಲ್ಕು ನೋಟ್‌ಬುಕ್ಕೂ

ಆನ್‌ಲೈನ್ ವ್ಯಾಪಾರ ಮಾಡ್ತೀನಿ ಅಂತ ಮನೇಲಿ ಒಂದು ಸಲ ಹೇಳಿದ್ರೆ ಸಾಕು, ನಗೋಂಥ ಸಂಗತಿಗಳು ತಾವಾಗೇ ನಡೀತಾ ಹೋಗುತ್ತವೆ. ನನಗಂತೂ ವ್ಯಾಪಾರಕ್ಕಿಂತ ಮೊದಲು ಅವೇ ಶುರುವಾದವು.

೧. ಓದು

ರೇಷ್ಮೆಗೂಡಿನ ತೋರಣ ಮಾರೋದು ನನ್ನ ಯೋಜನೆ. ಸಾದಲಿಯಲ್ಲಿ ನಮ್ಮ ಪಕ್ಕದ ಮನೆಯೇ ಸೋದರತ್ತೇದು. ಹುಳ ಸಾಕೋದು ಅವರು, ತೋರಣ ಕಟ್ಟೋದೂ ಅವರು. ನನ್ನ ಪಾಲಿಗೆ ಉಳಿದದ್ದು ಆನ್‌ಲೈನಲ್ಲಿ ಮಾರೋದು ಹೇಗೆ ಅಂತ ಕಲಿಯೋದು. ಎರಡು ಕೋರ್ಸು, ನಾಲ್ಕು ನೋಟ್‌ಬುಕ್ಕು ಮುಗಿಸಿದೆ.

"ಎಷ್ಟು ಮಾರಿದೆಯಮ್ಮ?" ಅಂದ್ರು ಅಪ್ಪ.

"ಇನ್ನೂ ಗ್ರಾಹಕರ ಮನಸ್ಸು ಅರ್ಥ ಮಾಡ್ಕೋತಾ ಇದೀನಿ."

"ಈ ತಿಂಗಳೊಳಗೆ ಒಬ್ಬರಾದ್ರೂ ಕೊಂಡ್ಕೊಂಡ್ರೆ ಸರಿ. ಇಲ್ದಿದ್ರೆ ಚಿಂತಾಮಣೀಲಿ ಟೀಚರ್ ಕೆಲಸಕ್ಕೆ ಅರ್ಜಿ ಹಾಕು."

ನಲವತ್ತು ಮಕ್ಕಳ ಮುಂದೆ ನಿಂತು ಮಾತಾಡೋದು! ಬಸ್ಸಲ್ಲಿ 'ಸ್ಟಾಪ್' ಅನ್ನೋಕೂ ನಾಲಿಗೆ ಏಳದೆ ಮುಂದಿನ ಊರಲ್ಲಿ ಇಳಿಯೋಳು ನಾನು. ಗಾಬರಿಯಾಗಿ ಐದನೇ ನೋಟ್‌ಬುಕ್ಕು ತಂದೆ.

೨. ವಿಡಿಯೋ

ವಿಷಯ ತಿಳಿದ ಅತ್ತೆ ನನ್ನ ಫೋನ್ ಎದುರಿಗೆ ಕೂತ್ರು. ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ಮಾಲು ಹೇಗಿದೆ ಅಂತ ತಿಳಿಯೋಕೆ ಗೂಡನ್ನ ಕಿವಿ ಹತ್ರ ಅಲ್ಲಾಡಿಸಿ, ಒಳಗಿನ ಸದ್ದು ಕೇಳೋದು ರೂಢಿ. ಅತ್ತೆ ಫೋನಿಗೇ ಕಿವಿ ಇದೆ ಅನ್ನೋ ಹಾಗೆ ಅದರ ಪಕ್ಕ ಗೂಡು ಅಲ್ಲಾಡಿಸಿದ್ರು. "ಕೇಳಿಸ್ತಾ? ಗಟ್ಟಿ ಮಾಲು. ಬೇಕಿದ್ರೆ ಹೇಳಿ, ಬೇಡದಿದ್ರೆ ನಿಮ್ಮಿಷ್ಟ."

ಬೆಳಕಿಲ್ಲ, ಹಿಂದೆ ಎಮ್ಮೆ. ನಾನು ಕಲಿತ ಪ್ರಕಾರ ಇದನ್ನ ಯಾರೂ ನೋಡೋ ಹಾಗಿಲ್ಲ. ಕಣ್ಣು ಮುಚ್ಕೊಂಡು ನನ್ನ ಪೇಜಿಗೆ ಹಾಕಿದೆ. ಸಂಜೆಗೆ ಬೆಂಗಳೂರಿನ ಒಬ್ಬ ಮೇಡಂ ತೋರಣ ಕೇಳಿದ್ರು. ನಾನು ಅತ್ತೆಯನ್ನ ಗರ್ಭಗುಡಿ ಮುಂದೆ ನಿಂತ ಹಾಗೆ ನೋಡ್ತಾ ನಿಂತೆ.

"ನನ್ನೇನ್ ನೋಡ್ತೀಯೇ, ಅಡ್ರೆಸ್ ಇಸ್ಕೋ" ಅಂದ್ರು.

೩. ಮೊದಲ ಪಾರ್ಸಲ್

ಆ ಹುರುಪಲ್ಲಿ ಯಾರನ್ನೂ ಕೇಳದೆ ನಾನೇ ಇಪ್ಪತ್ತೊಂದು ಗೂಡಿನ ತೋರಣ ಕಟ್ಟಿದೆ. ಒಂದು ಬುಟ್ಟೀಲಿ ಒಣಗಿಸಿ, ಒಳಗಿನ ಹುಳ ಸತ್ತ ಗೂಡು; ಇನ್ನೊಂದರಲ್ಲಿ ಆಗತಾನೆ ಬಿಡಿಸಿದ, ಹುಳ ಜೀವಂತ ಇರೋ ಗೂಡು. ಆ ವ್ಯತ್ಯಾಸ ಗೊತ್ತಿಲ್ಲದ ನಾನು ಬೆಳ್ಳಗೆ ಹೊಳೀತಿದ್ದ ಎರಡನೇದನ್ನ ಆರಿಸಿದೆ.

ಹತ್ತು ದಿನದ ಮೇಲೆ ಮೇಡಂ ಫೋನು. ಬಾಗಿಲ ತೋರಣದಿಂದ ಚಿಟ್ಟೆ ಬರ್ತಿವೆಯಂತೆ. ನಾನು ಮನಸ್ಸಲ್ಲೇ ಇಂಗ್ಲಿಷಲ್ಲಿ ಕ್ಷಮಾಪಣೆ ಜೋಡಿಸೋದ್ರೊಳಗೆ ಅತ್ತೆ ಫೋನ್ ತಗೊಂಡು ಸ್ಪೀಕರಿಗೆ ಹಾಕಿದ್ರು.

"ಎಷ್ಟು ಬಂದ್ವು ತಾಯಿ?"

"ಹನ್ನೊಂದು."

"ಇನ್ನೂ ಹತ್ತು ಬರ್ಬೇಕು, ಕಾಯಿರಿ. ಅವು ಕಚ್ಚಲ್ಲ, ಹಾರೋಕೂ ಬರಲ್ಲ. ತಪ್ಪು ನಮ್ಮ ಹುಡುಗೀದು. ಬೇರೆ ಕಳಿಸ್ತೀವಿ."

ಇದು ಮಾರಿದ ಲೆಕ್ಕಕ್ಕೆ ಬರಲ್ಲ ಅನ್ನೋ ಹಾಗೆ ಅಪ್ಪ ಟೀಚರ್ ಕೆಲಸದ ಅರ್ಜಿ ಫಾರಂ ತಂದು ನನ್ನ ಮುಂದಿಟ್ರು.

"ಬೇರೆ ಬೇಡ," ಅಂದ್ರು ಮೇಡಂ. "ನಮ್ಮ ಬಿಲ್ಡಿಂಗಿನ ಮಕ್ಕಳೆಲ್ಲ ಚಿಟ್ಟೆ ನೋಡ್ತಾ ಇಲ್ಲೇ ಕೂತಿದ್ದಾರೆ. ಇನ್ನೂ ಆರು ಮನೆಯವರಿಗೆ ಬೇಕಂತೆ. ಇದೇ ತರದ್ದು."

ಅಪ್ಪ ಫಾರಂ ಮಡಚಿ ಜೇಬಿಗೆ ಹಾಕ್ಕೊಂಡ್ರು. ಅತ್ತೆ ಫೋನಿಟ್ಟು ನನ್ನ ಕಡೆ ತಿರುಗಿದ್ರು. "ಯಾವ ಬುಟ್ಟಿ ಅಂತ ಜ್ಞಾಪಕ ಇದೆ ತಾನೆ? ಅದೇ ತಪ್ಪನ್ನ ಇನ್ನೂ ಆರು ಸಲ ಮಾಡು ಕಣಮ್ಮ."